ಕುದುರೆಗೆ ಸಮವಸ್ತ್ರವಿಲ್ಲ

ಬೆರಳುದ್ದದ ಸಿಪಾಯಿಗೆ ಬಣ್ಣ ಹಚ್ಚುವವನ ನಿಜವಾದ ಪಾಡು ಶುರುವಾಗುವುದು ಆ ಸಿಪಾಯಿ ಕುದುರೆ ಹತ್ತಿದ ಮೇಲೆ. ಕಾಲಾಳಾಗಿದ್ದರೆ ತೊಂದರೆಯಿಲ್ಲ. ಪುಸ್ತಕ ಬಿಚ್ಚಿದರೆ ಸಾಕು. ಕೋಟು ಯಾವ ಬಣ್ಣ, ಕಾಲರು ಯಾವ ಬಣ್ಣ, ಗುಂಡಿ ಹಿತ್ತಾಳೆಯದೋ ಬಿಳಿ ಲೋಹದ್ದೋ, ಎಲ್ಲವನ್ನೂ ಯಾರೋ ಪುಣ್ಯಾತ್ಮರು ಬರೆದಿಟ್ಟಿರುತ್ತಾರೆ. 1815ರ ವಾಟರ್ಲೂ ರಣರಂಗದಲ್ಲಿ ಯಾವ ರೆಜಿಮೆಂಟಿನವನ ತೋಳಿನ ಪಟ್ಟಿ ಹಳದಿ, ಯಾವನದು ನೀಲಿ ಎಂಬುದರ ಬಗ್ಗೆ ನಮ್ಮಂಥವರು ಊಟ ಬಿಟ್ಟು ಜಗಳವಾಡಿದ್ದೇವೆ. ಆದರೆ ಅವನ ಕೆಳಗಿದ್ದ ಕುದುರೆಯ ವಿಷಯಕ್ಕೆ ಬಂದರೆ ಪುಸ್ತಕ ‘ಕಂದು’ ಎಂದಷ್ಟೇ ಹೇಳಿ ಮುಂದಿನ ಪುಟಕ್ಕೆ ಹೋಗಿಬಿಡುತ್ತದೆ.

ಕಂದು ಅಂದರೆ ಯಾವ ಕಂದು? ಮೈ ಕೆಂಗಂದಾಗಿದ್ದು ಕೇಸರ, ಬಾಲ, ಮೊಣಕಾಲಿನ ಕೆಳಭಾಗ ಕಪ್ಪಾಗಿದ್ದರೆ ಅದೊಂದು ಜಾತಿ. ಕೇಸರವೂ ಬಾಲವೂ ಮೈಯ ಬಣ್ಣವೇ ಆಗಿದ್ದರೆ ಇನ್ನೊಂದು. ಕಾಲಿಗೆ ಬಿಳಿ ಕಾಲುಚೀಲ ತೊಟ್ಟಂತಿದ್ದರೆ ಆ ಕಾಲಿನ ಗೊರಸೂ ಸಾಮಾನ್ಯವಾಗಿ ಮಾಸಲು ಬಿಳುಪೇ ಇರಬೇಕು, ಕಪ್ಪು ಬಳಿದರೆ ಕುದುರೆ ಬಲ್ಲವರು ನಗುತ್ತಾರೆ. ಇವೆಲ್ಲ ಇರುವುದು 28 ಮಿಲಿಮೀಟರ್ ಅಳತೆಯ ಬೊಂಬೆಯ ಮೇಲೆ. ಕುದುರೆ ಇಲ್ಲದೆ ನಿಂತ ಸವಾರನ ಎತ್ತರ ಅಷ್ಟೇ. 15 ಮಿಲಿಮೀಟರಿನವೂ ಇವೆ, 6 ಮಿಲಿಮೀಟರಿನವೂ ಇವೆ. ಆರರಲ್ಲಿ ಕುದುರೆಯೇ ಜೋಳದ ಕಾಳಿನಷ್ಟಿರುವುದರಿಂದ ಗೊರಸಿನ ಚಿಂತೆ ಇರುವುದಿಲ್ಲ. ಕಣ್ಣಿಗೆ ಕನ್ನಡಕ ಬಂದ ಮೇಲೆ ಅನೇಕರು ಆ ಕಡೆಗೇ ಹೋಗುತ್ತಾರೆ. ನಾನಿನ್ನೂ ಹಟ ಬಿಟ್ಟಿಲ್ಲ.

ಈ ಬೊಂಬೆಗಳ ಆಟ ಏನೆಂದು ಎರಡೇ ಮಾತಿನಲ್ಲಿ ಹೇಳುವುದಾದರೆ, ಮೇಜಿನ ಮೇಲೆ ಗುಡ್ಡ, ಹೊಲ, ಹಳ್ಳಿ ಹರಡಿಕೊಂಡು, ಅಳತೆಪಟ್ಟಿ ಹಿಡಿದು ಸೈನ್ಯ ನಡೆಸಿ, ದಾಳ ಉರುಳಿಸಿ ಹಳೆಯ ಯುದ್ಧಗಳನ್ನು ಮತ್ತೆ ಹೂಡುವುದು. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ನಿಯಮದ ಪುಸ್ತಕವನ್ನೇ ಬರೆದ. ಅದರಲ್ಲಿ ಕಾಲಾಳಿಗೆ ಒಂದು ಸರದಿಗೆ ಒಂದಡಿ, ಸವಾರನಿಗೆ ಎರಡಡಿ. ಆಟದಲ್ಲಿ ಎರಡರಷ್ಟು ಓಡುತ್ತಾನೆ ಸರಿ, ಬಣ್ಣ ಹಚ್ಚುವವನ ಹೊತ್ತನ್ನು ನಾಲ್ಕರಷ್ಟು ತಿನ್ನುತ್ತಾನೆ. ಅದರ ಬಗ್ಗೆ ವೆಲ್ಸ್ ಚಕಾರ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ, ಅವನದು ಅಂಗಡಿಯಿಂದ ಬಣ್ಣ ಹಚ್ಚಿಸಿಕೊಂಡೇ ಬರುತ್ತಿದ್ದ ಬ್ರಿಟನ್ಸ್ ಕಂಪನಿಯ ಸೈನ್ಯ. ಈಗಿನವು ಬಹುಪಾಲು ಬೋಳಾಗಿಯೇ ಬರುತ್ತವೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಈ ಕಸುಬಿಗೆ ಕಾಶಿ. ಪೆರ್ರಿ ಎಂಬ ಅವಳಿ ಸಹೋದರರು ಕೆತ್ತಿದ ಕುದುರೆಗಳು ಅಲ್ಲಿಂದ ಹೊರಟು ಕಸ್ಟಮ್ಸ್ ದಾಟಿ ಬೆಂಗಳೂರಿನ ನನ್ನ ಮನೆಗೆ ಬರುವಷ್ಟರಲ್ಲಿ ನಿಜವಾದ ದಂಡಯಾತ್ರೆಯೇ ಮುಗಿದಿರುತ್ತದೆ.

ಕುದುರೆಗೂ ಸಮವಸ್ತ್ರ ತೊಡಿಸಲು ಸೇನೆಗಳು ಪ್ರಯತ್ನಿಸದೇ ಇರಲಿಲ್ಲ. ನೆಪೋಲಿಯನ್ನನ ಗಾರ್ಡ್‌ನ ಗ್ರೆನೆಡಿಯರ್ ಸವಾರರಿಗೆ ಕಪ್ಪು ಕುದುರೆ. ತುತ್ತೂರಿಯವನಿಗೆ ಬಿಳಿಯದು, ಹೊಗೆ, ಧೂಳಿನ ನಡುವೆ ದಳಪತಿಯ ಕಣ್ಣಿಗೆ ಅವನು ಬೀಳಬೇಕಲ್ಲ. ಬ್ರಿಟಿಷರಲ್ಲಿ ‘ಸ್ಕಾಟ್ಸ್ ಗ್ರೇಸ್’ ಎಂಬ ರೆಜಿಮೆಂಟಿಗೆ ಹೆಸರು ಬಂದದ್ದೇ ಬೂದು ಕುದುರೆಗಳಿಂದ. ಆದರೆ 1812ರಲ್ಲಿ ರಷ್ಯಾಕ್ಕೆ ಹೋಗಿ ನೆಪೋಲಿಯನ್ ಲಕ್ಷಕ್ಕೂ ಮೀರಿ ಕುದುರೆಗಳನ್ನು ಕಳೆದುಕೊಂಡು ಬಂದ. ನಾಲ್ಕು ಕಾಲಿದ್ದರೆ ಸಾಕು ಎಂಬ ಸ್ಥಿತಿಯಲ್ಲಿ ಬಣ್ಣ ಯಾರು ಕೇಳುತ್ತಾರೆ?

ಬೂದು ಕುದುರೆಗಳೂ ಒಂದೇ ಬಣ್ಣದವಲ್ಲ ಅನ್ನುವುದು ಇನ್ನೂ ಚೆಂದ. ಬೂದು ಕುದುರೆ ಹುಟ್ಟುವಾಗ ಕಪ್ಪೋ ಕಂದೋ ಆಗಿರುತ್ತದೆ. ವರ್ಷ ಕಳೆದಂತೆ ನರೆಯುತ್ತಾ, ನಡುವೆ ಮೈತುಂಬ ಚಂದ್ರನಂಥ ಮಚ್ಚೆ ತೋರಿಸಿ, ಮುಪ್ಪಿನಲ್ಲಿ ಹಾಲುಬಿಳಿಯಾಗುತ್ತದೆ. ಮೂತಿಯ ಚರ್ಮ ಮಾತ್ರ ಕಡೆಯವರೆಗೂ ಕಪ್ಪಗೇ ಉಳಿಯಬಹುದು. ಹಾಗಾಗಿ ಒಂದು ಸಾಲು ಸ್ಕಾಟ್ಸ್ ಗ್ರೇಸ್ ಎಂದರೆ ಎಲ್ಲ ವಯಸ್ಸಿನ ಕುದುರೆಗಳ ಜಾತ್ರೆ. ಕಬ್ಬಿಣದ ಬಣ್ಣದ ಎಳೆಯದರ ಪಕ್ಕ ಮಚ್ಚೆಯದು, ಅದರ ಪಕ್ಕ ಬೆಳ್ಳಗಾದ ಹಿರಿಯದು. ಎಲ್ಲಕ್ಕೂ ಒಂದೇ ಡಬ್ಬಿಯ ಬೂದು ಬಳಿದವನ ಸೈನ್ಯ ದೂರದಿಂದ ಅಚ್ಚುಕಟ್ಟಾಗಿ ಕಂಡರೂ ಹತ್ತಿರ ಬಂದರೆ ಸತ್ತಂತಿರುತ್ತದೆ.

ಕಂದು ಕುದುರೆಗೆ ನಮ್ಮವರಲ್ಲಿ ಹಳೆಯದೊಂದು ವಿದ್ಯೆಯಿದೆ. ಪ್ರೈಮರ್ ಹೊಡೆದ ಮೇಲೆ ತಿಳಿಯಾದ ಕಿತ್ತಳೆ ಅಕ್ರಿಲಿಕ್ ಬಳಿದು ಚೆನ್ನಾಗಿ ಒಣಗಿಸುವುದು. ಅದರ ಮೇಲೆ ಬರ್ಂಟ್ ಅಂಬರ್ ಎಂಬ ಗಾಢ ಕಂದು ಎಣ್ಣೆಬಣ್ಣವನ್ನು ಮೈಯೆಲ್ಲ ಮೆತ್ತುವುದು. ಈಗ ನೋಡಿದವರು ಕೆಸರುಗುಂಡಿಯಲ್ಲಿ ಬಿದ್ದದ್ದು ಎಂದುಕೊಳ್ಳಬೇಕು. ಆಮೇಲೆ ಸ್ಪಂಜಿನ ತುಂಡು ಹಿಡಿದು ಮೆಲ್ಲಗೆ ಒರೆಸಿದರೆ ಉಬ್ಬಿದ ಮಾಂಸಖಂಡಗಳ ಮೇಲಿನ ಬಣ್ಣ ಹೋಗಿ ಮೈ ಮಿರುಗುತ್ತದೆ, ಪಕ್ಕೆಲುಬಿನ ಸಂದಿಯಲ್ಲಿ, ತೊಡೆಯ ಮಡಿಕೆಯಲ್ಲಿ ಉಳಿದದ್ದು ನೆರಳಾಗುತ್ತದೆ. ಒರೆಸುವ ಕೈಯ ಭಾರ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರದ ಕಾರಣ ಯಾವ ಎರಡು ಕುದುರೆಗಳೂ ಒಂದೇ ಆಗುವುದಿಲ್ಲ. ಸವಾರರ ವಿಷಯದಲ್ಲಿ ಎಷ್ಟು ಶಿಸ್ತು ಬೇಕೋ ಕುದುರೆಯ ವಿಷಯದಲ್ಲಿ ಅಷ್ಟು ಅಶಿಸ್ತು ಬೇಕು. ಈ ಹವ್ಯಾಸದಲ್ಲಿ ನನಗೆ ಸಿಗುವ ಸುಖದ ಮುಕ್ಕಾಲು ಪಾಲು ಅಲ್ಲೇ ಇದೆ. ಲಗಾಮು, ಜೀನು, ರಿಕಾಪುಗಳಿಗೆ ಬಣ್ಣ ಹಚ್ಚುವುದು ಬರೀ ಕೂಲಿ ಕೆಲಸ. ಅದನ್ನು ರೇಡಿಯೋ ಕೇಳುತ್ತಾ ಮಾಡುತ್ತೇನೆ.

ಸ್ಕಾಟ್ಸ್ ಗ್ರೇಸ್ ಎಂದೊಡನೆ ಎಲ್ಲರ ಕಣ್ಣಿಗೆ ಕಟ್ಟುವುದು ಲೇಡಿ ಬಟ್ಲರ್ 1881ರಲ್ಲಿ ಮುಗಿಸಿದ ಚಿತ್ರ, ‘ಸ್ಕಾಟ್ಲೆಂಡ್ ಫಾರೆವರ್!’. ಲೀಡ್ಸ್ ನಗರದ ಕಲಾ ಗ್ಯಾಲರಿಯಲ್ಲಿದೆ. ಬೂದು ಕುದುರೆಗಳು ಬಾಯ್ತೆರೆದು ನೋಡುವವನ ಎದೆಯ ಮೇಲೇ ನುಗ್ಗುತ್ತವೆ. ಅಸಲಿಗೆ ಅಂದು ವಾಟರ್ಲೂನಲ್ಲಿ ನಡೆದದ್ದು ಹೀಗಲ್ಲ. ಹಿಂದಿನ ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಒದ್ದೆ ಹೊಲದಲ್ಲಿ, ತಮ್ಮದೇ ಕಾಲಾಳುಗಳ ಸಾಲನ್ನು ಸಂದಿಯಲ್ಲಿ ದಾಟಿಕೊಂಡು, ಹೆಚ್ಚುಕಡಿಮೆ ನಡಿಗೆಯಲ್ಲೇ ಅವರು ಶತ್ರುವಿನ ಮೇಲೆ ಬಿದ್ದದ್ದು. ಸಾರ್ಜೆಂಟ್ ಚಾರ್ಲ್ಸ್ ಯೂಅರ್ಟ್ ಫ್ರೆಂಚರ 45ನೇ ರೆಜಿಮೆಂಟಿನ ಹದ್ದಿನ ಲಾಂಛನವನ್ನು ಕಿತ್ತುಕೊಂಡದ್ದು ಆಗಲೇ. ಅದು ಇಂದಿಗೂ ಎಡಿನ್‌ಬರೋ ಕೋಟೆಯಲ್ಲಿದೆ. ಆ ಕೆಸರಿನಲ್ಲಿ ಕುದುರೆಗಳ ಕಾಲಾದರೂ ಬೂದಾಗಿ ಉಳಿದಿದ್ದೀತೇ? ಅದಕ್ಕೇ ನಾನು ಮಚ್ಚೆಗಳನ್ನೆಲ್ಲ ಕಣ್ಣು ಕಿರಿದಾಗಿಸಿ ಇಟ್ಟ ಮೇಲೆ ಹೊಟ್ಟೆಯವರೆಗೂ ಕಂದು ಕೆಸರು ಸಿಡಿಸುತ್ತೇನೆ. ಕೆಲವರಿಗೆ ಇದು ಪಾಪವೆನಿಸುತ್ತದೆ. ಅವರ ಕುದುರೆಗಳು ಮೆರವಣಿಗೆಗೆ ಹೊರಟಂತಿರುತ್ತವೆ.

ಲೆಫ್ಟಿನೆಂಟ್ ವಿಲಿಯಂ ಸೈಬೋರ್ನ್ ಮೆರವಣಿಗೆಯವನಲ್ಲ. 1830ರಲ್ಲಿ ವಾಟರ್ಲೂಗೇ ಹೋಗಿ ಎಂಟು ತಿಂಗಳು ಅಲ್ಲಿನ ತೋಟದ ಮನೆಯಲ್ಲಿದ್ದು ನೆಲ ಅಳೆದ. ಸಂಜೆ ಏಳರ ಹೊತ್ತಿಗೆ ನೀವೆಲ್ಲಿ ನಿಂತಿದ್ದಿರಿ, ಹೊಲದಲ್ಲಿ ಪೈರು ಏನಿತ್ತು ಎಂದು ಬದುಕುಳಿದ ಅಧಿಕಾರಿಗಳಿಗೆಲ್ಲ ಪತ್ರ ಬರೆದ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಪುಟಾಣಿ ಸೈನಿಕರನ್ನು ನಿಲ್ಲಿಸಿದ ಆ ರಣರಂಗದ ಮಾದರಿಯನ್ನು 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ನೆರವಿಗೆ ಬಂದ ಪ್ರಷ್ಯದ ಪಡೆ ಅದರಲ್ಲಿ ತೀರ ಮುಂದೆ, ತೀರ ದೊಡ್ಡದಾಗಿ ಕಾಣುತ್ತದೆಂದು ಡ್ಯೂಕ್ ಆಫ್ ವೆಲಿಂಗ್ಟನ್ನನ ಕಡೆಯವರಿಗೆ ಸಿಟ್ಟು. ಕೊನೆಗೆ ಸೈಬೋರ್ನ್ ಪ್ರಷ್ಯದ ಬೊಂಬೆಗಳನ್ನು ಕಿತ್ತು ಕಡಿಮೆ ಮಾಡಿದ. ಬೊಂಬೆಯಾಟ ಎಂದು ನಗುವವರಿಗೆ ಇದನ್ನು ಹೇಳಬೇಕೆನಿಸುತ್ತದೆ. ಗೆದ್ದ ಸೇನಾಪತಿ ತವರದ ಸಿಪಾಯಿಗಳಿಗೆ ಹೆದರಿದ್ದ.

ನಮ್ಮ ಮನೆಯಲ್ಲಿ ನಗುವವರೆಂದರೆ ದೊಡ್ಡಮ್ಮ. “ಅಷ್ಟು ಕಣ್ಣು ಹಾಳುಮಾಡ್ಕೊಂಡು ಬಳೀತೀಯಲ್ಲೋ, ನವರಾತ್ರಿಗಾದ್ರೂ ಕೊಡು” ಎಂದು ಫ್ರೆಂಚ್ ಕವಚಧಾರಿ ಸವಾರರನ್ನು ಕೊಂಡುಹೋಗಿ ಪಟ್ಟದ ಗೊಂಬೆಗಳ ಕಾವಲಿಗೆ ನಿಲ್ಲಿಸಿದರು. ನೋಡಲು ಬಂದವರೆಲ್ಲ ಮೈಸೂರು ಮಹಾರಾಜರ ದಳ ಎಂದೇ ತಿಳಿದರು. ದೊಡ್ಡಮ್ಮ ತಿದ್ದಲಿಲ್ಲ.

ನಿಜವಾದ ಮೈಸೂರು ದಳಕ್ಕೂ ಈಗ ಕೈ ಹಾಕಿದ್ದೇನೆ: 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್. ಎದುರಿಗೆ ಮೆಷಿನ್‌ಗನ್ನು, ಇವರ ಕೈಯಲ್ಲಿ ಈಟಿ. ಬಣ್ಣ ಹಚ್ಚುವವನಿಗೆ ವಾಟರ್ಲೂ ತಲೆಕೆಳಗಾದಂತೆ. ಸವಾರನದು ಮೈಯೆಲ್ಲ ಖಾಕಿ, ಅವನನ್ನು ಬೇಗ ಮುಗಿಸಬಹುದು. ಇಡೀ ದಳದಲ್ಲಿ ಬಣ್ಣವೆಂಬುದು ಉಳಿದಿರುವುದು ಕುದುರೆಗಳ ಮೈಮೇಲೆ ಮಾತ್ರ. ಒರೆಸುವ ಸ್ಪಂಜಿಗೆ ಇಷ್ಟು ಮರ್ಯಾದೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಇನ್ನು ಆಟದ ಮಾತು. ಹೊಸದಾಗಿ ಬಣ್ಣ ಕಂಡ ದಳ ಮೊದಲ ಆಟದಲ್ಲೇ ಬೆನ್ನು ತೋರಿಸಿ ಓಡುತ್ತದೆ ಎಂಬುದು ಈ ಹವ್ಯಾಸದವರು ಎಲ್ಲೆಡೆಯೂ ನಂಬುವ ಶಾಸ್ತ್ರ. ನನ್ನ ಗ್ರೇಸ್ ಕೂಡ ಶಾಸ್ತ್ರ ಮೀರಲಿಲ್ಲ. ಮೊದಲ ದಾಳಿಯಲ್ಲೇ ದಾಳ ಒಂದು ಬಿತ್ತು, ಕೆಸರು ಮಚ್ಚೆಗಳ ಸಮೇತ ಮೇಜಿನ ಅಂಚಿಗೆ ಓಡಿದವು. ಓಡಿಸಿದ ಗೆಳೆಯ ಒಂದು ದಿನವೂ ಕುಂಚ ಹಿಡಿದವನಲ್ಲ, ಪೆಟ್ಟಿಗೆಯಿಂದ ತೆಗೆದ ಬೋಳು ಪ್ಲಾಸ್ಟಿಕ್ಕನ್ನೇ ಅಂಟಿಸಿ ತಂದು ನಿಲ್ಲಿಸುತ್ತಾನೆ. ನಾಚಿಕೆಯಾಗುವುದಿಲ್ಲವೇನೋ, ಬಣ್ಣವಾದರೂ ಹಚ್ಚಬಾರದಾ ಎಂದೆ.

“ನನ್ನ ಪ್ಲಾಸ್ಟಿಕ್ಕೇ ಬೂದು ಬಣ್ಣದ್ದು ಕಣೋ” ಎಂದ, ದಾಳಗಳನ್ನು ಬಾಚಿಕೊಳ್ಳುತ್ತಾ. “ಅಸಲಿ ಸ್ಕಾಟ್ಸ್ ಗ್ರೇಸ್ ನನ್ನವೇ.”