ಕಪ್ಪು ಪರದೆಯ ಮೇಲಿನ ಎರಡು ಪದ

ಡೆಸ್ಕ್‌ಟಾಪಿನ ಎರಡನೇ ಮಾನಿಟರ್ ಕಪ್ಪಾಗಿ, ಅದರ ಮೇಲೆ ‘ನೋ ಸಿಗ್ನಲ್’ ಎಂಬ ಎರಡು ಪದ ಮೂಡಿದರೆ ಮೊದಲು ಬರುವ ಮಾತು ‘ಮಾನಿಟರ್ ಹೋಯ್ತು’ ಎಂದೇ. ಆದರೆ ಆ ಎರಡು ಪದ ಬರೆದವರು ಯಾರು? ಕಂಪ್ಯೂಟರ್ ಅಲ್ಲ, ಅದರಿಂದ ಏನೂ ಬರುತ್ತಿಲ್ಲವೆಂಬುದೇ ದೂರು. ಬರೆದದ್ದು ಮಾನಿಟರೇ. ಅಂದಮೇಲೆ ಅದಕ್ಕೆ ಕರೆಂಟ್ ಬರುತ್ತಿದೆ, ಹಿಂಬದಿಯ ಬೆಳಕು ಉರಿಯುತ್ತಿದೆ, ಪ್ಯಾನೆಲ್ ಅಕ್ಷರ ಮೂಡಿಸುವಷ್ಟು ಗಟ್ಟಿಯಾಗಿದೆ. ಸತ್ತಿತೆಂದುಕೊಂಡದ್ದೇ ಬಾಯಿಬಿಟ್ಟು ‘ನನಗೆ ಏನೂ ತಲುಪುತ್ತಿಲ್ಲ’ ಎನ್ನುತ್ತಿದೆ. ಆದ್ದರಿಂದ ಎರಡು ಪರದೆಗಳ ತೊಂದರೆಯಲ್ಲಿ ಮೊದಲ ಅನುಮಾನ ಹೋಗಬೇಕಾದದ್ದು ನಡುವಿನ ದಾರಿಯ ಮೇಲೆ, ಅಂದರೆ ಕೇಬಲ್, ಕನ್ವರ್ಟರ್, ಪೋರ್ಟ್‌ಗಳ ಮೇಲೆ. ಹೊಸ ಮಾನಿಟರಿನ ಬೆಲೆ ವಿಚಾರಿಸುವುದು, ವಿಂಡೋಸ್ ಅಳಿಸಿ ಮತ್ತೆ ಹಾಕಿಸುವುದು ಆಮೇಲಿನ ಮಾತು.

ದಾರಿ ಕೆಟ್ಟಿದ್ದರೆ ಅದು ಕುರುಹು ಬಿಡುತ್ತದೆ. 1987ರಲ್ಲಿ ಐಬಿಎಂ ತಂದ ವಿಜಿಎ ಇಂದಿಗೂ ಎಷ್ಟೋ ಕಚೇರಿಗಳಲ್ಲಿ ಎರಡನೇ ಪರದೆಯನ್ನು ನಡೆಸುತ್ತಿದೆ. ಅದರ ನೀಲಿ ಪ್ಲಗ್ಗನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಮೂರು ಸಾಲಿನಲ್ಲಿ 15 ಪಿನ್ನುಗಳ ಜಾಗ ಕಾಣುತ್ತದೆ. ಒಂದನೆಯದು ಕೆಂಪು, ಎರಡನೆಯದು ಹಸಿರು, ಮೂರನೆಯದು ನೀಲಿ ಒಯ್ಯುತ್ತದೆ. ಮೂರನೆಯದು ಬಾಗಿ ಮಡಚಿಕೊಂಡಿದ್ದರೆ ಬಿಳಿ ಹಾಳೆ ಹಳದಿಯಾಗಿ ಕಾಣುತ್ತದೆ. ಜನ ಪರದೆಯೇ ಮಾಸಿತೆಂದು ಬಗೆಯುತ್ತಾರೆ, ಆದರೆ ಆಗಿರುವುದು ನೀಲಿ ಬಾರದಿರುವುದಷ್ಟೆ. 12 ಮತ್ತು 15ನೆಯವು ಬಣ್ಣ ಒಯ್ಯುವುದಿಲ್ಲ. ಮಾನಿಟರ್ ತನ್ನ ಅಳತೆ, ತಾನು ತಾಳುವ ರೆಸಲ್ಯೂಶನ್ ಎಲ್ಲವನ್ನೂ 128 ಬೈಟ್‌ಗಳ ಒಂದು ಪರಿಚಯಪತ್ರದಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಕಂಪ್ಯೂಟರಿಗೆ ಮುಟ್ಟಿಸುವುದು ಈ ಎರಡು ಪಿನ್ನುಗಳ ಕೆಲಸ. ಇವು ಮುರಿದರೆ ಚಿತ್ರವೇನೋ ಬರುತ್ತದೆ, ಆದರೆ ಯಾರೊಡನೆ ಮಾತಾಡುತ್ತಿದ್ದೇನೆಂದು ತಿಳಿಯದ ಕಂಪ್ಯೂಟರ್ ಕಡಿಮೆ ರೆಸಲ್ಯೂಶನ್ನಿಗೆ ಇಳಿದು, ಅಕ್ಷರಗಳೆಲ್ಲ ದಪ್ಪಗಾಗಿ ಹಿಗ್ಗುತ್ತವೆ. ಇಂಥದ್ದಕ್ಕೆ ಡ್ರೈವರನ್ನು ಹತ್ತು ಸಲ ಹಾಕಿದರೂ ಫಲವಿಲ್ಲ. (ಒಂಬತ್ತನೆಯ ಪಿನ್ ಮಾತ್ರ ಇಲ್ಲದಿದ್ದರೆ ಗಾಬರಿ ಬೇಡ, ಎಷ್ಟೋ ಕೇಬಲ್‌ಗಳನ್ನು ಅದಿಲ್ಲದೆಯೇ ತಯಾರಿಸುತ್ತಾರೆ.)

ಡೆಸ್ಕ್‌ಟಾಪಿಗೇ ಮೀಸಲಾದ ಇನ್ನೊಂದು ಎಡವಟ್ಟಿದೆ. ಸಿಪಿಯು ಪೆಟ್ಟಿಗೆಯ ಬೆನ್ನಿನಲ್ಲಿ ಮದರ್‌ಬೋರ್ಡಿನ ಎಚ್‌ಡಿಎಂಐ ಒಂದು ಕಡೆ, ಗ್ರಾಫಿಕ್ಸ್ ಕಾರ್ಡಿನದು ಅದರ ಕೆಳಗೆ. ಕಾರ್ಡ್ ಕೂರಿಸಿದ ಮೇಲೆ ಮದರ್‌ಬೋರ್ಡಿನ ಪೋರ್ಟುಗಳನ್ನು ಬಯೋಸ್ ತಾನಾಗಿ ಮುಚ್ಚುವುದುಂಟು. ಒಂದು ಮಾನಿಟರ್ ಕೆಳಗೆ, ಇನ್ನೊಂದು ಮೇಲೆ ಸಿಕ್ಕಿಸಿದರೆ ಮೇಲಿನದು ಕಪ್ಪಾಗಿಯೇ ಇರುತ್ತದೆ, ಯಾವುದೂ ಕೆಟ್ಟಿರುವುದಿಲ್ಲ. ಕನ್ವರ್ಟರುಗಳ ಕತೆಯೂ ಇದೇ. ಕಂಪ್ಯೂಟರಿನ ಡಿಸ್‌ಪ್ಲೇಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಹೋಗುವ ಅಗ್ಗದ ಕೇಬಲ್ಲನ್ನು ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ, ಅದು ಏಕಮುಖ ರಸ್ತೆ. ಎರಡೂ ತುದಿ ಸರಿಯಾಗಿ ಕೂರುತ್ತವೆಂಬ ಕಾರಣಕ್ಕೆ ಯಾರಿಗೂ ಅನುಮಾನವೇ ಹುಟ್ಟುವುದಿಲ್ಲ.

‘ನಿನ್ನೆವರೆಗೆ ಸರಿಯಿತ್ತು, ಕೇಬಲ್ಲನ್ನು ಯಾರೂ ಮುಟ್ಟಿಲ್ಲ’ ಎಂದು ಆಕ್ಷೇಪಿಸಬಹುದು. ವಿಜಿಎಗೆ ಎರಡು ಬದಿ ಸ್ಕ್ರೂ ಇದೆ, ಎಚ್‌ಡಿಎಂಐಗೆ ಸಾಮಾನ್ಯವಾಗಿ ಬರೀ ಬಿಗಿಯೇ ಆಧಾರ; ಕಸ ಗುಡಿಸುವಾಗ ಪೆಟ್ಟಿಗೆಯನ್ನು ಗೇಣಷ್ಟು ಸರಿಸಿದರೂ ಅದು ಸಡಿಲಗೊಳ್ಳಬಹುದು. ಇದಕ್ಕಿಂತ ತೂಕದ ಆಕ್ಷೇಪ, ರಾತ್ರಿ ಅಪ್‌ಡೇಟ್ ಆಗಿ ಡ್ರೈವರೇ ಕೆಟ್ಟಿರಬಹುದಲ್ಲ ಎಂಬುದು. ಅದು ನಿಜ, ಆಗುತ್ತದೆ. ಆದರೆ ಅದನ್ನೂ ಊಹಿಸಬೇಕಾಗಿಲ್ಲ, ಪರೀಕ್ಷಿಸಬಹುದು. ಎರಡು ಮಾನಿಟರ್ ಇರುವವರ ದೊಡ್ಡ ಅನುಕೂಲವೆಂದರೆ, ಸರಿಯಿರುವ ಒಂದು ಜೋಡಿ ಮೇಜಿನ ಮೇಲೇ ಇದೆ. ಅದರ ಕೇಬಲ್ಲನ್ನು ಬಿಚ್ಚಿ ಕಪ್ಪಾದದ್ದಕ್ಕೆ ಹಾಕಿ, ಬೇರೇನನ್ನೂ ಮುಟ್ಟದೆ ನೋಡಬೇಕು. ಚಿತ್ರ ಬಂದರೆ ಮಾನಿಟರ್ ನಿರಪರಾಧಿ. ಆಮೇಲೆ ಅದರ ಹಳೆಯ ಕೇಬಲ್ಲನ್ನೇ ಮರಳಿ ಹಾಕಿ, ಇನ್ನೊಂದು ಪರದೆಯನ್ನು ಪೂರ್ತಿ ಬಿಚ್ಚಿಟ್ಟು ಕಂಪ್ಯೂಟರನ್ನು ಆರಿಸಿ ಹಚ್ಚಬೇಕು. ಕಂಪನಿಯ ಲೋಗೋ ಮೂಡುವುದು ವಿಂಡೋಸ್ ಏಳುವುದಕ್ಕೂ ಮೊದಲು, ಅದರ ಡ್ರೈವರಿನ ಹಂಗಿಲ್ಲದೆ. ಲೋಗೋ ಬಂದು, ವಿಂಡೋಸ್ ಏಳುತ್ತಿದ್ದಂತೆ ಕಪ್ಪಾದರೆ ದಾರಿ ಚೊಕ್ಕಟವಾಗಿದೆ ಎಂದರ್ಥ. ಆಗ ಡ್ರೈವರಿನ ಕಡೆ ತಿರುಗುವುದು ನ್ಯಾಯ. ಅದಕ್ಕೂ ಮುಂಚೆ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ, ‘ಪಿಸಿ ಸ್ಕ್ರೀನ್ ಓನ್ಲಿ’ ಇದ್ದದ್ದನ್ನು ‘ಎಕ್ಸ್‌ಟೆಂಡ್’ಗೆ ಬದಲಿಸಿ ಒಮ್ಮೆ ನೋಡಬೇಕು.