ಹಿಂದಿನ ಸೀಟಿನ ಲೆಕ್ಕ

ಮೋಟಾರ್ ಸೈಕಲ್ ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ತಿಳಿಯಲು ಓಡಿಸುವವರ ಮುಂದೆ ಮೀಟರ್ ಇರುತ್ತದೆ. ಹಿಂದೆ ಕೂತವರಿಗೆ ಏನಿದೆ ಹೇಳಿ? ನಮ್ಮ ಯಜಮಾನರ ಬೆನ್ನು ಅಗಲ. 27 ವರ್ಷಗಳಲ್ಲಿ ಅದರಾಚೆಯ ಮೀಟರ್ ನನಗೆ ಕಂಡದ್ದು ಗಾಡಿ ನಿಂತಾಗ ಮಾತ್ರ. ಹಾಗಾಗಿ ನನ್ನ ಲೆಕ್ಕವೇ ಬೇರೆ. ಸೆರಗು ಹೆಗಲ ಮೇಲೆ ಸುಮ್ಮನೆ ಕೂತಿದ್ದರೆ 30. ಪಟಪಟ ಎಂದರೆ 45. ಕಣ್ಣಲ್ಲಿ ನೀರು ಬಂದು, ಮಡಿಲಿನ ಉತ್ತರಪತ್ರಿಕೆಯ ಚೀಲವನ್ನು ಅವುಚಿಕೊಳ್ಳುವಂತಾದರೆ 60 ದಾಟಿತೆಂದೇ ಅರ್ಥ.

ಬಯಲುಸೀಮೆಯ ತಾಳ್ಯದಲ್ಲಿ ತಿರುವು ಎಲ್ಲಿಂದ ಬಂತು ಎನ್ನಬೇಡಿ. ನಮ್ಮ ಕಡೆಯ ಎಷ್ಟೋ ಹಳ್ಳಿ ರಸ್ತೆಗಳು ಎತ್ತಿನ ಗಾಡಿಯ ಜಾಡಿನ ಮೇಲೆ ಟಾರು ಹಾಕಿಸಿಕೊಂಡಂಥವು. ಯಾರದೋ ಹೊಲದ ಬದುವಿಗೆ ಒಂದು ತಿರುವು, ಕೆರೆ ಏರಿಗೆ ಒಂದು, ಅಡಿಕೆ ತೋಟದ ಬೇಲಿಗೆ ಮತ್ತೊಂದು. ಬೇಲಿಯ ಆಚೆ ಕುರಿ ಮಂದೆ ಇದೆಯೋ, ಕಬ್ಬಿಣದ ಸಾಮಾನು ತುಂಬಿದ ಟ್ರ್ಯಾಕ್ಟರ್ ಇದೆಯೋ ದೇವರಿಗೇ ಗೊತ್ತು. ಸುಗ್ಗಿ ಬಂತೆಂದರೆ ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಎಲ್ಲವನ್ನೂ ಟಾರಿನ ಮೇಲೆ ಹರವಿ, ಹೋಗಿಬರುವ ಚಕ್ರಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಕಣ ಮಾಡುವ ಖರ್ಚಿಲ್ಲದ ರೈತನನ್ನು ಬೈಯಲು ನನಗೆ ಮನಸ್ಸು ಬಾರದು. ಆದರೆ ಒಣ ಹುರುಳಿಯ ಮೇಲೆ ಎರಡು ಚಕ್ರದ ಗಾಡಿಗೆ ಹಿಡಿತವೆಂಬುದೇ ಇರುವುದಿಲ್ಲ.

ಅಂಥದೊಂದು ಏರಿಯ ತಿರುವಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಿದ್ದ. ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ತಂದ ಹೊಸ ಬೈಕು. ಹಿಂದೆ ತಂಗಿ ಕೂತಿದ್ದಳು. ಅವನಿಗೆ ತರಚು ಗಾಯ. ಅವಳ ಬಲಗಾಲು ಎರಡು ಕಡೆ ಮುರಿಯಿತು. ಆ ವರ್ಷ ಹತ್ತನೇ ತರಗತಿ ಪರೀಕ್ಷೆಗೆ ಅವಳು ಊರುಗೋಲಿನಲ್ಲಿ ಬಂದಳು. ನೋಡಲು ಹೋದಾಗ ಅವಳು ಅಂದದ್ದು ಇಷ್ಟು: "ಜೋರಾಯ್ತು ಅಂತ ನಂಗೆ ಮೊದಲೇ ಗೊತ್ತಾಗಿತ್ತು ಮಿಸ್. ಅಣ್ಣ ಬೈತಾನೆ ಅಂತ ಸುಮ್ಮನಿದ್ದೆ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮೀಟರ್ ಕಾಣದವಳಿಗೆ ಗೊತ್ತಾಗಿತ್ತು, ಮೀಟರ್ ಮುಂದಿದ್ದವನಿಗೆ ಗೊತ್ತಾಗಲಿಲ್ಲ! ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಸೀಮೆಸುಣ್ಣ ಹಿಡಿದು ಬೋರ್ಡಿಗೇ ಹೋದರು. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಅಡ್ಡ ಬಂದದ್ದನ್ನು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕು. ಆಮೇಲೆ ಒಣ ರಸ್ತೆಯಲ್ಲಿ ಗಾಡಿ ನಿಲ್ಲಲು ಸುಮಾರು 12 ಮೀಟರ್. ಒಟ್ಟು 23. ಅದೇ 60ರಲ್ಲಿ ಹೋದರೆ ಸುಮಾರು 45 ಮೀಟರ್. ವೇಗ ಒಂದೂವರೆ ಪಟ್ಟು, ನಿಲ್ಲುವ ದೂರ ಹೆಚ್ಚುಕಡಿಮೆ ಎರಡು ಪಟ್ಟು. 20 ಅಡಿಯ ನಮ್ಮ ತರಗತಿ ಕೋಣೆಗಳಲ್ಲಿ ಎಣಿಸಿದರೆ ಮೊದಲನೆಯದು ನಾಲ್ಕು ಕೋಣೆ, ಎರಡನೆಯದು ಏಳೂವರೆ.

ಹಾಗಾದರೆ ತಿರುವಿಗೆ ಎಷ್ಟು ವೇಗ ಸರಿ? ಕಂಡಷ್ಟು ರಸ್ತೆಯೊಳಗೆ ನಿಲ್ಲುವಷ್ಟು ಎಂದರು. ಒಂದೇ ಗಾಡಿ ಹಿಡಿಸುವ ನಮ್ಮಂಥ ರಸ್ತೆಯಲ್ಲಿ ಕಂಡದ್ದರಲ್ಲಿ ಅರ್ಧದೊಳಗೆ. ಉಳಿದರ್ಧ ಎದುರಿನವನಿಗೆ ನಿಲ್ಲಲು ಬೇಕಲ್ಲ! ತಿರುವಿನಲ್ಲಿ ರಸ್ತೆಯ ಎಡ ಅಂಚೂ ಬಲ ಅಂಚೂ ದೂರದಲ್ಲಿ ಕೂಡಿದಂತೆ ಕಾಣುವ ಒಂದು ಜಾಗವಿರುತ್ತದೆ. ನಾವು ಹೋದಂತೆ ಅದೂ ನಮ್ಮಷ್ಟೇ ವೇಗದಲ್ಲಿ ಮುಂದೆ ಸರಿಯುತ್ತಿದ್ದರೆ ಚಿಂತೆಯಿಲ್ಲ. ಅದು ನಮ್ಮ ಹತ್ತಿರ ಹತ್ತಿರ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಯಲೇಬೇಕು. ಈ ಜಾಗ ಹಿಂದಿನ ಸೀಟಿನಿಂದಲೂ, ಹೆಗಲ ಪಕ್ಕದಿಂದ ಇಣುಕಿದರೆ, ಚೆನ್ನಾಗಿ ಕಾಣುತ್ತದೆ. ನಾನು ನೋಡಿದ್ದೇನೆ.

ಇನ್ನೊಂದು ಮಾತು. ಬ್ರೇಕನ್ನು ತಿರುವಿಗೆ ಮೊದಲೇ ಹಾಕಿ ಮುಗಿಸಬೇಕಂತೆ. ಟೈರಿನ ಹಿಡಿತ ತಿಂಗಳ ಸಂಬಳವಿದ್ದಂತೆ. ವಾಲಿ ತಿರುಗುವುದಕ್ಕೇ ಬಹುಪಾಲು ಖರ್ಚಾಗಿರುವಾಗ ನಡುವೆ ಗಾಬರಿಯಿಂದ ಬ್ರೇಕ್ ಒತ್ತಿದರೆ ಕೊಡಲು ಏನೂ ಉಳಿದಿರುವುದಿಲ್ಲ. ವೇಗ ಎರಡರಷ್ಟಾದರೆ ಅದೇ ತಿರುವಿಗೆ ಬೇಕಾದ ಹಿಡಿತ ನಾಲ್ಕರಷ್ಟು. ಸಂಸಾರ ಮಾಡಿದ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕೆ?

ಮಗ ಉಡುಪಿಯಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಕೆಳಗೆ ಡಿಸೆಂಬರಿನಲ್ಲಿ ತೀರ್ಥಹಳ್ಳಿಯಿಂದ ಅವನ ಬೈಕಿನಲ್ಲೇ ಆಗುಂಬೆ ಇಳಿದೆ. ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವು. ನಮ್ಮ ತಲೆಪಿನ್ನಿನ ಹೆಸರನ್ನೇ ಇಟ್ಟಿದ್ದಾರೆ, ಇರಲಿ. ಹೊರಡುವ ಮೊದಲು ಒಂದು ಷರತ್ತು ಹಾಕಿದೆ: ಹೆಗಲ ಮೇಲೆ ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸಬೇಕು, ಯಾಕೆಂದು ಕೇಳಬಾರದು. ನಕ್ಕ. ಮೂರನೇ ತಿರುವಿಗೇ ಒಂದು ಸಲ ತಟ್ಟಿದೆ. "ಏನಮ್ಮಾ, 25ರಲ್ಲಿದೀನಿ" ಅಂದ. "ರಸ್ತೆ ಒದ್ದೆ ಇದೆ, ಆಚೆ ಏನೂ ಕಾಣ್ತಿಲ್ಲ" ಅಂದೆ. ಎರಡನೇ ಗೇರಿಗೆ ಇಳಿಸಿದ. ಬ್ರೇಕನ್ನೇ ನಂಬದೆ ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಂಡಿತು. ಮುಂದಿನ ತಿರುವಿನಲ್ಲಿ ಹತ್ತಿ ಬರುತ್ತಿದ್ದ ಬಸ್ಸು ರಸ್ತೆಯನ್ನೆಲ್ಲ ತುಂಬಿಕೊಂಡಿತ್ತು. ಇಕ್ಕಟ್ಟಿನ ಘಟ್ಟದಲ್ಲಿ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ; ಅವನು ಅಂಚಿಗೆ ನಿಲ್ಲಿಸಿ ಬಿಟ್ಟ. ಆಮೇಲೆ ತಟ್ಟುವ ಪ್ರಮೇಯ ಬರಲಿಲ್ಲ.

ಆ ದಿನ ನಾನು ಚೂಡಿದಾರ್ ಹಾಕಿ ಎರಡೂ ಕಡೆ ಕಾಲು ಬಿಟ್ಟು ಕೂತಿದ್ದೆ. ಐವತ್ತರ ಮೇಲೆ ಟೀಚರಮ್ಮನಿಗೆ ಇದೇನು ಎಂದು ಓಣಿಯವರು ಅಂದರು. ಒಂದೇ ಕಡೆ ಕೂತವಳಿಗೆ ಗಾಡಿಯ ಜೊತೆ ವಾಲುವುದು ಕಷ್ಟ ಎಂಬುದು ಅವರಿಗೇನು ಗೊತ್ತು? ಸೀರೆಯಲ್ಲೇ ಹೋಗುವವರು ಇದನ್ನು ತಿಳಿದಿರಿ: ಹಿಂದಿನ ಸವಾರಳಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧವಾದರೂ ಮುಚ್ಚುವ ಕಾಪು ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಅಂದಕ್ಕೆ ಅಡ್ಡಿ ಎಂದು ಹುಡುಗರು ಅದನ್ನು ಬಿಚ್ಚಿಸುತ್ತಾರೆ. ಹಿಂದೆ ಕೂತವರಿಗೂ ಹೆಲ್ಮೆಟ್ ಎಂದು ಕರ್ನಾಟಕದಲ್ಲಿ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ತುರುಬು ಕಟ್ಟಿದವರಿಗೆ ಅದು ಕೂರುವುದಿಲ್ಲ. ನಾನು ಜಡೆಗೆ ಬಂದೆ.

ಕಾಲು ಮುರಿದ ಹುಡುಗಿಗೂ ತಟ್ಟುವ ವಿಷಯ ಹೇಳಿದೆ. ಈಗ ಅವಳಿಗೆ ಮದುವೆಯಾಗಿದೆ. ಗಂಡನಿಗೆ ಮೊದಲ ವಾರವೇ ಹೇಳಿಟ್ಟಳಂತೆ. ನಮ್ಮ ಯಜಮಾನರ ಮಾತು ಬೇರೆ. 27 ವರ್ಷ ಓಡಿಸಿದವನಿಗೆ ಹೇಳಿಕೊಡುತ್ತೀಯಾ ಎಂದು ತಟ್ಟಿದಾಗಲೆಲ್ಲ ಗೊಣಗುತ್ತಾರೆ. ಗೊಣಗುತ್ತಲೇ ಗೇರು ಇಳಿಸುತ್ತಾರೆ.