ತಪ್ಪಬಹುದಾದ ಮಾತು

ಜತ್ತ ತಾಲೂಕಿನ ಕುಣಿಕೋಣೂರಿನಲ್ಲಿ ನಮ್ಮತ್ತೆ ಸೂಲಗಿತ್ತಿ. ಬಸುರಿಯನ್ನು ಕಂಬಳಿಯ ಮೇಲೆ ಮಲಗಿಸಿ, ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು ಹೊಟ್ಟೆ ಸವರುತ್ತಿದ್ದಳು. ತಲೆ ಎಲ್ಲಿ, ಕಾಲು ಎಲ್ಲಿ ಅನ್ನುವುದು ಬೆರಳಿಗೇ ತಿಳಿಯುತ್ತಿತ್ತು. ಗಂಡೋ ಹೆಣ್ಣೋ ಎಂದು ಕೇಳಿದವರನ್ನೂ ಬರಿಗೈಲಿ ಕಳಿಸುತ್ತಿರಲಿಲ್ಲ: “ಬಲಕ್ಕ ಭಾರ ಐತಿ, ಗಂಡ ಆಗ್ತೈತಿ ತಗೋ.” ಅರ್ಧಕ್ಕರ್ಧ ತಪ್ಪುತ್ತಿತ್ತು. ಜನ ನಕ್ಕು ಸುಮ್ಮನಾಗುತ್ತಿದ್ದರು.

ಹೆಣ್ಣು ಬ್ಯಾಡ ಅನ್ನುವುದು ಆಗಲೂ ಇತ್ತು. ಸಾಲಾಗಿ ಹೆಣ್ಣೇ ಹುಟ್ಟಿದರೆ ಕಡೆಯದಕ್ಕೆ ಸಾಕವ್ವ ಎಂದು ಹೆಸರಿಡುತ್ತಿದ್ದರು. ಮರಾಠಿ ಮನೆಗಳಲ್ಲಿ ನಕುಸಾ, ಅಂದರೆ ಬೇಡವಾದವಳು. ಹೆಸರು ಕೆಟ್ಟದ್ದೇ. ಆದರೆ ಕರೆದರೆ ಓಗೊಡಲು ಹುಡುಗಿ ಇರುತ್ತಿದ್ದಳು.

ಆಮೇಲೆ ಸೋನೋಗ್ರಾಫಿ ಬಂತು. ವಿಜಯಪುರ ಕಡೆಯ ಬೀಗರು ಸ್ಕ್ಯಾನಿಂಗ್ ಅನ್ನುತ್ತಾರೆ. ನಾವು ಮಹಾರಾಷ್ಟ್ರದವರು, ಸೋನೋಗ್ರಾಫಿ. 1999ರಲ್ಲಿ ನನ್ನ ಎರಡನೆಯ ಬಸಿರಿಗೆ ಅತ್ತೆಯೇ ಪ್ಯಾಟಿಗೆ ಕರೆದೊಯ್ದಳು. ಗರ್ಭಲಿಂಗ ಪರೀಕ್ಷೆ ಇಲ್ಲಿ ಮಾಡುವುದಿಲ್ಲ ಎಂದು ಗೋಡೆಯ ಮೇಲೆ ಮರಾಠಿಯಲ್ಲಿ ಬರೆದಿತ್ತು. ಈ ಪರೀಕ್ಷೆ ತಡೆಯಲು ದೇಶದಲ್ಲೇ ಮೊದಲು, 1988ರಲ್ಲಿ, ಕಾನೂನು ತಂದದ್ದು ಮಹಾರಾಷ್ಟ್ರ. ಕೇಂದ್ರದ 1994ರ ಕಾಯ್ದೆ ಜಾರಿಯಾದದ್ದು 1996ರಲ್ಲಿ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಬಿತ್ತು. ಪರದೆ ಡಾಕ್ಟರರ ಕಡೆ ತಿರುಗಿತ್ತು. ನನಗೆ ಕಂಡದ್ದು ಅವರ ಕನ್ನಡಕದೊಳಗೆ ಮಿಣಮಿಣ ಬೆಳಕು. ಹೊರಗೆ ಆಳೊಬ್ಬ ಅತ್ತೆಯ ಕಿವಿಯಲ್ಲಿ, “ಬರ್ಫಿ” ಅಂದ. ನಮ್ಮ ಕಡೆ ಗಂಡು ಹುಟ್ಟಿದರೆ ಪೇಢಾ ಹಂಚುತ್ತಾರೆ, ಹೆಣ್ಣಾದರೆ ಬರ್ಫಿ. ಬಿಡಿಸಿ ಹೇಳುವ ಕೆಲಸವೇ ಇರಲಿಲ್ಲ.

ಬಸ್ಸು ಜತ್ತ ಮುಟ್ಟುವ ತನಕ ಅತ್ತೆ ತುಟಿ ಬಿಚ್ಚಲಿಲ್ಲ. ಇಳಿಯುವಾಗ ಅಂದಳು: “ನಾ ಎಷ್ಟ ಸಲ ತಪ್ಪಿಲ್ಲ? ಅದೂ ತಪ್ಪಿರಬೇಕ. ಮನ್ಯಾಗ ಏನೂ ಹೇಳಬ್ಯಾಡ.” ಮಷೀನು ತಪ್ಪಿರಲಿಲ್ಲ. ಮಗಳು ಹುಟ್ಟಿದಳು.

ಎಲ್ಲರ ಮನೆಯಲ್ಲೂ ಹೀಗಾಗಲಿಲ್ಲ. 2001ರ ಜನಗಣತಿಯಲ್ಲಿ ನಮ್ಮ ಸಾಂಗ್ಲಿ ಜಿಲ್ಲೆಯ ಆರು ವರ್ಷದವರೆಗಿನ ಮಕ್ಕಳಲ್ಲಿ 1000 ಗಂಡಿಗೆ 851 ಹೆಣ್ಣು. ಜತ್ತದ ಒಣಭೂಮಿಯವರಿಗೆ ಮ್ಹೈಸಾಳ ಎಂದರೆ ನೀರು, ಕೃಷ್ಣೆಯನ್ನು ಎತ್ತಿ ತರುವ ಯೋಜನೆಯ ಹೆಸರು. 2017ರ ಮಾರ್ಚ್‌ನಲ್ಲಿ ಅದೇ ಹೆಸರಿನ ಊರಿನ ಹಳ್ಳದ ಬಳಿ ಹೂತಿದ್ದ 19 ಭ್ರೂಣ ಸಿಕ್ಕವು. ತನಿಖೆ ಗಡಿ ದಾಟಿ ಕರ್ನಾಟಕಕ್ಕೂ ಹೋಯಿತು. ಟಿವಿ ನೋಡಿದ ರಾತ್ರಿ ಅತ್ತೆ ಉಣ್ಣಲಿಲ್ಲ. “ನನ್ನ ಕೈ ತಪ್ಪತಿತ್ತು, ಅದಕ್ಕ ಕೂಸು ಉಳೀತಿದ್ವು” ಅಂದಳು.

ಅತ್ತೆ ಈಗಿಲ್ಲ. ಹೋದ ವರ್ಷ ಅದೇ ಮಗಳ ಸೋನೋಗ್ರಾಫಿಗೆ ನಾನು ಜೊತೆಗಿದ್ದೆ. ಡಾಕ್ಟರು ಪರದೆ ನಮ್ಮತ್ತ ತಿರುಗಿಸಿ, ಪುಟಪುಟ ಬಡಿಯುವ ಎದೆ ತೋರಿಸಿದರು. ಆ ಬೂದಿ ಬಣ್ಣದಲ್ಲಿ ನನಗೆ ಮತ್ತೇನೂ ತಿಳಿಯಲಿಲ್ಲ. ಮನೆಗೆ ಬಂದು ಕಂಬಳಿ ಹಾಸಿದೆ, ಅಂಗೈಗೆ ಎಣ್ಣೆ ಹಚ್ಚಿಕೊಂಡೆ. “ಬಲಕ್ಕ ಭಾರ ಐತಿ” ಅಂದೆ. ಮಗಳು ನಕ್ಕಳು.